ಕಲ್ಲು ಕೈಗೆ ಸಿಗದ ಕ್ಲಾಸಿಗೆ ತಯಾರಿ: ಭೂವಿಜ್ಞಾನ ಕಲಿಸುವವರಿಗೆ ಆನ್‌ಲೈನ್ ತರಬೇತಿಯ ದಾರಿ

ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಆನ್‌ಲೈನಿನಲ್ಲಿ ಕಲಿಸುವುದೇ ಬೇರೆ, ಭೂವಿಜ್ಞಾನ ಕಲಿಸುವುದೇ ಬೇರೆ. ನಮ್ಮ ವಿಷಯದಲ್ಲಿ ವಿದ್ಯಾರ್ಥಿ ಕಲ್ಲನ್ನು ಕೈಯಲ್ಲಿ ಹಿಡಿದು ತೂಕ ನೋಡಬೇಕು. ಮೊಳೆಯಿಂದ ಗೀರಿ ನೋಡಬೇಕು. ಲೆನ್ಸ್ ಕಣ್ಣಿಗೆ ಹಿಡಿದು ಹರಳು ಹುಡುಕಬೇಕು. ಬಿಸಿಲಲ್ಲಿ ಬಂಡೆಯ ಮೇಲೆ ಕಂಪಾಸ್ ಇಟ್ಟು ಸ್ಟ್ರೈಕ್, ಡಿಪ್, ಅಂದರೆ ಪದರ ಯಾವ ದಿಕ್ಕಿಗೆ ಹರಡಿದೆ, ಎಷ್ಟು ಓರೆಯಾಗಿ ಇಳಿದಿದೆ ಎಂದು ಅಳೆಯಬೇಕು. ಇದನ್ನೆಲ್ಲ ಪರದೆಯ ಮೇಲೆ ಹೇಗೆ ಮಾಡಿಸೋದು ಅನ್ನುವುದೇ ನಿಜವಾದ ಪ್ರಶ್ನೆ. ಝೂಮ್, ಗೂಗಲ್ ಮೀಟ್ ಬಳಸಲು ಒಂದು ಸಂಜೆಯಲ್ಲಿ ಕಲಿಯಬಹುದು. ಈ ಪ್ರಶ್ನೆಗೆ ಉತ್ತರ ಕಲಿಯಲು ಬೇರೆ ತರಬೇತಿಯೇ ಬೇಕು.

ಆ ತರಬೇತಿ ಎಲ್ಲೆಲ್ಲಿ ಸಿಗುತ್ತದೆ, ಅದರಲ್ಲಿ ಯಾವುದನ್ನು ಮೊದಲು ತಗೋಬೇಕು, ತಗೊಂಡ ಮೇಲೆ ಏನು ಮಾಡಬೇಕು ಎಂಬುದು ಈ ಲೇಖನದ ವಿಷಯ. ಡಿಗ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಿಯುಸಿ ಭೂಗೋಳ ಶಿಕ್ಷಕರಿಗೂ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದೂರದಲ್ಲಿರುವ ವಿದ್ಯಾರ್ಥಿಗೆ ವಿಜ್ಞಾನವನ್ನು ಕೈಯಿಂದ ಮಾಡಿಸಿ ಕಲಿಸುವುದು ಹೊಸದೇನಲ್ಲ. 1971ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಪಾಠ ಶುರು ಮಾಡಿದಾಗ ವಿಜ್ಞಾನ ವಿದ್ಯಾರ್ಥಿಗಳ ಮನೆಗೆ ಪ್ರಯೋಗದ ಪೆಟ್ಟಿಗೆಯನ್ನೇ ಕಳಿಸಿಕೊಟ್ಟಿತು. ಅದರಲ್ಲಿ ಅಂಗೈಯಲ್ಲಿ ಹಿಡಿಯುವಂಥ ಮೆಕಾರ್ಥರ್ ಮೈಕ್ರೋಸ್ಕೋಪ್ ಕೂಡ ಇತ್ತು. ಅಂದರೆ ದಾರಿ ಇದೆ. ಬೇರೆಯವರು ನಡೆದು ನೋಡಿದ ದಾರಿಯೂ ಹೌದು.

ಹಂತ 1: ಕೋರ್ಸ್ ಹುಡುಕುವ ಮೊದಲು ನಿಮ್ಮ ಪೇಪರನ್ನು ಬಿಡಿಸಿ ನೋಡಿ

ಸರ್ಟಿಫಿಕೇಟ್ ಸಿಗುತ್ತದೆ ಎಂದು ಕಣ್ಣಿಗೆ ಬಿದ್ದ ವೆಬಿನಾರ್‌ಗೆಲ್ಲ ಹೆಸರು ಕೊಡಬೇಡಿ. ಮೊದಲು ಒಂದೇ ಒಂದು ಪೇಪರ್ ಆರಿಸಿಕೊಳ್ಳಿ. ಅದನ್ನು ಮೂರು ಪಾಲು ಮಾಡಿ: ಪಾಠ, ಲ್ಯಾಬ್, ಫೀಲ್ಡ್. ಪ್ರತಿ ಪಾಲಿನ ಎದುರು ‘ಕೊನೆಗೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು?’ ಎಂದು ಬರೆಯಿರಿ. ‘ನೈಸ್ (ಪಟ್ಟೆಪಟ್ಟೆಯಾಗಿರುವ ರೂಪಾಂತರ ಶಿಲೆ) ಬಗ್ಗೆ ತಿಳಿದಿರಬೇಕು’ ಅಂತ ಬರೆದರೆ ಕೆಲಸಕ್ಕೆ ಬರುವುದಿಲ್ಲ. ‘ಒಂದು ಬಂಡೆಯ ಫೋಟೊ ನೋಡಿ ಯಾವ ಶಿಲೆ ಮೊದಲು, ಯಾವುದು ಆಮೇಲೆ ಬಂತು ಎಂದು ಕಾರಣ ಕೊಟ್ಟು ಹೇಳಬೇಕು’ ಎಂದು ಬರೆಯಿರಿ.

2020ರಲ್ಲಿ ಅಮೆರಿಕದ ಭೂವಿಜ್ಞಾನ ಶಿಕ್ಷಕರು ಮಾಡಿದ್ದು ಇದನ್ನೇ. ಆ ಬೇಸಿಗೆಯ ಬಹುತೇಕ ಫೀಲ್ಡ್ ಕ್ಯಾಂಪ್‌ಗಳು ಕೋವಿಡ್‌ನಿಂದ ನಿಂತುಹೋದವು. ಅಲ್ಲಿ ಆ ಕ್ಯಾಂಪ್ ಇಲ್ಲದೆ ಎಷ್ಟೋ ಕಡೆ ಡಿಗ್ರಿಯೇ ಮುಗಿಯುವುದಿಲ್ಲ. ಆಗ ನ್ಯಾಷನಲ್ ಅಸೋಸಿಯೇಷನ್ ಆಫ್ ಜಿಯೋಸೈನ್ಸ್ ಟೀಚರ್ಸ್ ಎಂಬ ಸಂಘ ಶಿಕ್ಷಕರನ್ನು ಆನ್‌ಲೈನಿನಲ್ಲಿ ಕೂಡಿಸಿತು. ಅಂಗವಿಕಲ ವಿದ್ಯಾರ್ಥಿಗಳಿಗೂ ಈ ವಿಷಯ ತೆರೆದಿರಬೇಕು ಎಂದು ಕೆಲಸ ಮಾಡುವ ಇನ್ನೊಂದು ಸಂಘವೂ ಅವರ ಜೊತೆ ಸೇರಿತು. ಫೀಲ್ಡ್ ಕ್ಯಾಂಪ್‌ನಿಂದ ವಿದ್ಯಾರ್ಥಿ ಏನೇನು ಕಲಿತು ಬರಬೇಕು ಎಂಬ ಪಟ್ಟಿಯನ್ನು ಅವರು ಮೊದಲು ಒಪ್ಪಿಕೊಂಡರು. ಆಮೇಲೆ ಒಂದೊಂದಕ್ಕೂ ಆನ್‌ಲೈನ್ ಚಟುವಟಿಕೆ ಕಟ್ಟಿದರು. ಆ ಚಟುವಟಿಕೆಗಳು ಇವತ್ತಿಗೂ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಕ್ಯಾಂಪ್‌ಗೆ ಹೋಗಲಾಗದ ವಿದ್ಯಾರ್ಥಿಗಳು ಯಾವಾಗಲೂ ಇದ್ದೇ ಇರುತ್ತಾರೆ. ಮನೆಯಲ್ಲಿ ಹತ್ತು ದಿನ ಹೊರಗೆ ಕಳಿಸಲು ಒಪ್ಪದ ಹುಡುಗಿಯರು ನಮ್ಮಲ್ಲಿ ಎಷ್ಟಿಲ್ಲ ಹೇಳಿ. ಅವರಿಗಾಗಿಯಾದರೂ ಈ ಕೆಲಸ ಮಾಡಲೇಬೇಕು.

ಹಂತ 2: ಮೊದಲು ಆನ್‌ಲೈನ್ ಬೋಧನೆಯ ವಿಧಾನ ಕಲಿಯಿರಿ

ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ರೆಕಾರ್ಡ್ ಮಾಡಿ ಹಾಕಿದರೆ ಯಾರೂ ಪೂರ್ತಿ ನೋಡುವುದಿಲ್ಲ. ಇದಕ್ಕೆ ಒಳ್ಳೆಯ ಮದ್ದು ಐಐಟಿ ಬಾಂಬೆಯವರ ಶಿಕ್ಷಕ ತರಬೇತಿಗಳಲ್ಲಿದೆ. ಅಲ್ಲಿನ ಶೈಕ್ಷಣಿಕ ತಂತ್ರಜ್ಞಾನ ವಿಭಾಗದ ಪ್ರಾಧ್ಯಾಪಕರು ‘ಲರ್ನರ್ ಸೆಂಟ್ರಿಕ್ ಮೂಕ್’ (ಕಲಿಯುವವರನ್ನು ಕೇಂದ್ರದಲ್ಲಿಟ್ಟ ಮುಕ್ತ ಆನ್‌ಲೈನ್ ಕೋರ್ಸ್) ಎಂಬ ಮಾದರಿ ರೂಪಿಸಿದ್ದಾರೆ. ಅದರಲ್ಲಿ ವಿಡಿಯೊಗೆ ‘ಲರ್ನಿಂಗ್ ಡೈಲಾಗ್’ ಅನ್ನುತ್ತಾರೆ. ನಡುವೆ ಒಂದು ಕಡೆ ವಿಡಿಯೊ ನಿಲ್ಲಿಸಿ, ಪ್ರಶ್ನೆ ಕೇಳಿ, ‘ಬರೆದುಕೊಂಡು ಮುಂದೆ ಹೋಗಿ’ ಎನ್ನಬೇಕು. ಈ ನಿಲುಗಡೆಗೆ ರಿಫ್ಲೆಕ್ಷನ್ ಸ್ಪಾಟ್ ಎಂದು ಹೆಸರು.

ನಮ್ಮ ವಿಷಯಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಶಿಲೆಯ ಫೋಟೊ ತೋರಿಸಿ. ‘ಕಂಬದ ಮೇಲ್ಭಾಗ ನೋಡಿ. ಎಷ್ಟು ಮೂಲೆ ಇವೆ? ಎಲ್ಲ ಕಂಬಕ್ಕೂ ಅಷ್ಟೇನಾ? ಎಣಿಸಿ ಬರೆದುಕೊಳ್ಳಿ’ ಎಂದು ಹೇಳಿ ವಿಡಿಯೊ ನಿಲ್ಲಿಸಿ. ಲಾವಾ ಆರಿ ಕುಗ್ಗುವಾಗ ಬಿರುಕು ಹೇಗೆ ಬಿಡುತ್ತದೆ ಎಂದು ಆಮೇಲೆ ವಿವರಿಸಿ. ಎಣಿಸಿದವರು ವಿವರಣೆಯನ್ನು ಬೇರೆ ಕಿವಿಯಿಂದಲೇ ಕೇಳುತ್ತಾರೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ, ಐಐಟಿಗಳು ನಡೆಸುವ ಎನ್‌ಪಿಟೆಲ್, ಎರಡರಲ್ಲೂ ಬೋಧನಾ ವಿಧಾನದ ಕೋರ್ಸ್‌ಗಳು ಆಗಾಗ ಬರುತ್ತವೆ. ಎನ್‌ಪಿಟೆಲ್‌ನಲ್ಲಿ ಪಾಠ ಕೇಳುವುದು ಉಚಿತ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಜೊತೆಗೆ ಯುಜಿಸಿಯ ಮಾಲವೀಯ ಮಿಷನ್ ಶಿಕ್ಷಕರ ತರಬೇತಿ ಕಾರ್ಯಕ್ರಮ 2023ರಲ್ಲಿ ಶುರುವಾಗಿದೆ. ಮೊದಲು ಅಕಾಡೆಮಿಕ್ ಸ್ಟಾಫ್ ಕಾಲೇಜು, ಆಮೇಲೆ ಎಚ್‌ಆರ್‌ಡಿಸಿ ಎಂದು ಕರೆಸಿಕೊಳ್ಳುತ್ತಿದ್ದ ಕೇಂದ್ರಗಳು ಈಗ ಇದರಡಿ ನಡೆಯುತ್ತಿವೆ. ನಮ್ಮಲ್ಲಿ ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೇಂದ್ರಗಳು ಬಹಳ ಕಾಲದಿಂದ ಇವೆ. ಆನ್‌ಲೈನ್ ತರಬೇತಿಯಾದರೆ ಬೇರೆ ರಾಜ್ಯದ ಕೇಂದ್ರಕ್ಕೂ ಅರ್ಜಿ ಹಾಕಬಹುದು. ಹಾಗಾಗಿ ದೇಶದಲ್ಲಿ ಎಲ್ಲಿ ಭೂವಿಜ್ಞಾನದ ರಿಫ್ರೆಶರ್ (ಶಿಕ್ಷಕರ ಪುನಶ್ಚೇತನ ಕೋರ್ಸ್) ಬಂದಿದೆ ಎಂದು ಅವರ ಪೋರ್ಟಲ್‌ನಲ್ಲಿ ಆಗಾಗ ನೋಡುತ್ತಿರಿ.

ಹಂತ 3: ವಿಷಯಕ್ಕೆ ತಕ್ಕ ತರಬೇತಿ ಆರಿಸಿ

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅಮೆರಿಕದ ಮಿನೆಸೋಟ ರಾಜ್ಯದ ಕಾರ್ಲ್‌ಟನ್ ಕಾಲೇಜಿನಲ್ಲಿರುವ ಸರ್ಕ್, ಅಂದರೆ ಸೈನ್ಸ್ ಎಜುಕೇಶನ್ ರಿಸೋರ್ಸ್ ಸೆಂಟರ್. ಅಲ್ಲಿ 2002ರಲ್ಲಿ ‘ಆನ್ ದ ಕಟಿಂಗ್ ಎಡ್ಜ್’ ಎಂಬ ಹೆಸರಿನಲ್ಲಿ ಭೂವಿಜ್ಞಾನ ಶಿಕ್ಷಕರ ಕಾರ್ಯಾಗಾರಗಳು ಆರಂಭವಾದವು. ಕಾರ್ಯಾಗಾರಕ್ಕೆ ಬಂದವರು ತಾವು ಕ್ಲಾಸಿನಲ್ಲಿ ಮಾಡಿಸುವ ಚಟುವಟಿಕೆಯನ್ನು ಬರೆದುಕೊಡಬೇಕಿತ್ತು. ಹೀಗೆ ಕೂಡಿದ ಸಂಗ್ರಹ ಈಗ ‘ಟೀಚ್ ದ ಅರ್ತ್’ ಎಂಬ ಪೋರ್ಟಲ್‌ನಲ್ಲಿದೆ. ಖನಿಜಶಾಸ್ತ್ರ, ಸ್ಟ್ರಕ್ಚರಲ್ ಜಿಯಾಲಜಿ, ಆನ್‌ಲೈನ್ ಫೀಲ್ಡ್ ಅನುಭವ ಎಂದು ವಿಂಗಡಿಸಿಟ್ಟಿದ್ದಾರೆ. ಗುರಿ ಏನು, ಎಷ್ಟು ಹೊತ್ತು ಬೇಕು, ಅಂಕ ಹೇಗೆ ಕೊಡಬೇಕು ಎಂಬುದೂ ಅಲ್ಲೇ ಇರುತ್ತದೆ. ಇದೇ ಬಳಗ 2015ರಿಂದ ಪ್ರತಿ ವರ್ಷ ಅರ್ತ್ ಎಜುಕೇಟರ್ಸ್ ರಾಂದೇವೂ ಎಂಬ ಸಮಾವೇಶ ನಡೆಸುತ್ತಿದೆ. 2020ರಲ್ಲಿ ಅದು ಪೂರ್ತಿ ಆನ್‌ಲೈನಿನಲ್ಲೇ ನಡೆಯಿತು.

ನಮ್ಮ ದೇಶದಲ್ಲಿ ನಾನು ಮೊದಲು ಹೆಸರಿಸುವುದು ಡೆಹ್ರಾಡೂನ್‌ನ ಐಐಆರ್‌ಎಸ್, ಅಂದರೆ ಇಸ್ರೋದ ದೂರಸಂವೇದನೆ ಸಂಸ್ಥೆ. 2007ರಿಂದ ಅವರು ದೂರದ ಕಾಲೇಜುಗಳಿಗೆ ನೇರ ಪಾಠ ಮಾಡುತ್ತಿದ್ದಾರೆ. ದೂರಸಂವೇದನೆ (ಉಪಗ್ರಹ ಚಿತ್ರಗಳಿಂದ ನೆಲವನ್ನು ಅರಿಯುವುದು), ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ, ಸ್ಥಳದ ಮಾಹಿತಿ ಜೋಡಿಸುವುದು), ಭೂವಿಜ್ಞಾನದಲ್ಲಿ ಅವುಗಳ ಬಳಕೆ, ಇವೆಲ್ಲ ಅಲ್ಲಿ ಬರುತ್ತವೆ. ಶುಲ್ಕ ಇಲ್ಲ. ಈ ಪಾಠವನ್ನು ಎರಡು ಕಣ್ಣಿಂದ ನೋಡಿ. ಒಂದು ಕಣ್ಣು ವಿಷಯದ ಮೇಲಿರಲಿ. ಇನ್ನೊಂದು, ಸಾವಿರಾರು ಜನ ಕೇಳುವ ಪಾಠವನ್ನು ಅವರು ಹೇಗೆ ಜೋಡಿಸಿದ್ದಾರೆ, ಪ್ರಶ್ನೆಗಳನ್ನು ಹೇಗೆ ನಿಭಾಯಿಸುತ್ತಾರೆ ಎಂಬುದರ ಮೇಲಿರಲಿ.

ಕಡಲ ಭೂವಿಜ್ಞಾನ ಕಲಿಸುವ ಮಂಗಳೂರು ಕಡೆಯವರು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಾಗರ ತರಬೇತಿ ಕೇಂದ್ರವನ್ನು ನೋಡಬಹುದು. ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದ ತರಬೇತಿ ಸಂಸ್ಥೆಯೂ ಹೈದರಾಬಾದಿನಲ್ಲೇ ಇದೆ. ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್‌ನವರು ಶಾಲಾ ಶಿಕ್ಷಕರಿಗಾಗಿ ‘ಗಿಫ್ಟ್’ ಎಂಬ ಕಾರ್ಯಾಗಾರ ನಡೆಸುತ್ತಾರೆ. ಅದರ ಉಪನ್ಯಾಸಗಳು ಅಂತರ್ಜಾಲದಲ್ಲಿ ಸಿಗುತ್ತವೆ.

ಒಂದು ಎಚ್ಚರಿಕೆ. ತರಬೇತಿ ಯಾವ ವರ್ಷದ್ದು ಎಂದು ತಪ್ಪದೆ ನೋಡಿ. ಹಳೆಯ ಎಷ್ಟೋ ಕಾರ್ಯಾಗಾರಗಳ ವಿಡಿಯೊದಲ್ಲಿ ಗೂಗಲ್‌ನ ಎಕ್ಸ್‌ಪೆಡಿಷನ್ಸ್, ಟೂರ್ ಕ್ರಿಯೇಟರ್ ಬಳಸಿ ವರ್ಚುವಲ್ ಫೀಲ್ಡ್ ಟ್ರಿಪ್ ಮಾಡುವುದನ್ನು ಹೇಳಿಕೊಡುತ್ತಾರೆ. ಅವೆರಡೂ 2021ರಲ್ಲೇ ನಿಂತುಹೋದವು. 360 ಡಿಗ್ರಿ ಫೋಟೊಗೆ ಬಳಸುತ್ತಿದ್ದ ಸ್ಟ್ರೀಟ್ ವ್ಯೂ ಆ್ಯಪ್ ಕೂಡ 2023ರಲ್ಲಿ ನಿಂತಿತು. ಉಪಕರಣ ಬರುತ್ತದೆ, ಹೋಗುತ್ತದೆ. ಚಟುವಟಿಕೆ ಕಟ್ಟುವುದನ್ನು ಕಲಿಸುವ ತರಬೇತಿಗೇ ನಿಮ್ಮ ಸಮಯ ಕೊಡಿ.

ಹಂತ 4: ಲ್ಯಾಬ್‌ನಿಂದ ಶುರು ಮಾಡಿ, ಫೋನ್ ಸಾಕು

ತರಬೇತಿ ನಡೆಯುತ್ತಿರುವಾಗಲೇ ಏನಾದರೊಂದು ಕೈಯಾರೆ ತಯಾರಿಸಬೇಕು. ಮೊದಲಿಗೆ ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಕಲ್ಲಿನ ಸ್ಲೈಡ್‌ನ ವಿಡಿಯೊ ಮಾಡಿ. ಇದಕ್ಕೆ ನಿಮ್ಮ ವಿಭಾಗದ ಪೆಟ್ರೋಲಾಜಿಕಲ್ ಮೈಕ್ರೋಸ್ಕೋಪ್, ಒಂದು ಫೋನ್, ಐಪೀಸ್‌ಗೆ ಫೋನ್ ಸಿಕ್ಕಿಸುವ ಹೋಲ್ಡರ್ ಇದ್ದರೆ ಆಯಿತು.

ಬಯೊಟೈಟ್ (ಕಪ್ಪು ಅಭ್ರಕ) ಇರುವ ನೈಸ್‌ನ ಸ್ಲೈಡ್ ಇಡಿ. ಮೊದಲು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಒಂದೇ ಇಟ್ಟುಕೊಂಡು ಸ್ಟೇಜನ್ನು ನಿಧಾನವಾಗಿ ಒಂದು ಸುತ್ತು ಪೂರ್ತಿ ತಿರುಗಿಸಿ. ಬಯೊಟೈಟ್ ತಿಳಿ ಕಂದಿನಿಂದ ಗಾಢ ಕಂದಿಗೆ ಹೋಗಿ ಮತ್ತೆ ತಿಳಿಯಾಗುವುದು ವಿಡಿಯೊದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲೇ ಇರುವ ಕ್ವಾರ್ಟ್ಜ್ ಬಣ್ಣವಿಲ್ಲದೆ ಹಾಗೇ ಇರುತ್ತದೆ. ಆಮೇಲೆ ಅನಲೈಸರ್ (ಅಡ್ಡ ದಿಕ್ಕಿನ ಎರಡನೇ ಫಿಲ್ಟರ್) ಒಳಗೆ ತಳ್ಳಿ ಮತ್ತೊಂದು ಸುತ್ತು ತಿರುಗಿಸಿ. ಖನಿಜ ಒಂದು ಸುತ್ತಿಗೆ ನಾಲ್ಕು ಸಲ ಕಪ್ಪಾಗಬೇಕು.

ಇಲ್ಲೊಂದು ತೊಡಕಿದೆ. ಅನಲೈಸರ್ ಹಾಕಿದ ತಕ್ಷಣ ಬೆಳಕು ಕಡಿಮೆಯಾಗುತ್ತದೆ. ಫೋನ್ ತಾನಾಗೇ ಬೆಳಕು ಏರಿಸಿಬಿಡುತ್ತದೆ. ಆಗ ಕಪ್ಪಾಗಬೇಕಾದ ಖನಿಜ ಬೂದು ಬಣ್ಣಕ್ಕೆ ಕಾಣುತ್ತದೆ. ಎಕ್ಸ್‌ಟಿಂಕ್ಷನ್ (ಖನಿಜ ಹೀಗೆ ಕಪ್ಪಾಗುವುದು) ಎಂದರೇನು ಎಂದು ಕಲಿಯಬೇಕಾದ ವಿದ್ಯಾರ್ಥಿಗೆ ಅದೇ ಕಾಣದೇ ಹೋಗುತ್ತದೆ. ಇದಕ್ಕೆ ಪರಿಹಾರ ಸುಲಭ. ರೆಕಾರ್ಡ್ ಮಾಡುವ ಮೊದಲು ಪರದೆಯ ಮೇಲೆ ಒಂದು ಕಡೆ ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಎಕ್ಸ್‌ಪೋಶರ್ ಎರಡೂ ಲಾಕ್ ಆಗುತ್ತವೆ. ಕೆಲವು ಫೋನ್‌ಗಳಲ್ಲಿ ಇದಕ್ಕೆ ಪ್ರೊ ಮೋಡ್‌ಗೆ ಹೋಗಬೇಕು. ಒಂದೇ ಪೋಲರೈಸರ್‌ನ ವಿಡಿಯೊಗೊಮ್ಮೆ, ಅನಲೈಸರ್ ಹಾಕಿದ ವಿಡಿಯೊಗೊಮ್ಮೆ ಬೇರೆ ಬೇರೆಯಾಗಿ ಲಾಕ್ ಮಾಡಿ.

ವಿಡಿಯೊ ಎರಡು ನಿಮಿಷ ದಾಟದಿರಲಿ. 480ಪಿ ಸಾಕು. ಹಳ್ಳಿಯಲ್ಲಿರುವ ವಿದ್ಯಾರ್ಥಿ ಡೇಟಾ ಲೆಕ್ಕ ಹಾಕಿಯೇ ನೋಡುವುದು, ಅಲ್ವಾ. ಖನಿಜದ ಹೆಸರನ್ನು ವಿಡಿಯೊದಲ್ಲಿ ಹೇಳಬೇಡಿ. ಬಣ್ಣ, ಸೀಳು, ಕಪ್ಪಾಗುವ ಕೋನ, ಇಷ್ಟನ್ನು ಅವರೇ ಬರೆದು ಹೆಸರು ಹೇಳಲಿ.

ನಿಮ್ಮಲ್ಲಿ ಇಲ್ಲದ ಶಿಲೆಗಳಿಗೆ ಓಪನ್ ಯೂನಿವರ್ಸಿಟಿಯ ವರ್ಚುವಲ್ ಮೈಕ್ರೋಸ್ಕೋಪ್ ಇದೆ. ಚಂದ್ರನಿಂದ ಅಪೊಲೊ ಯಾನಿಗಳು ತಂದ ಕಲ್ಲಿನ ಥಿನ್ ಸೆಕ್ಷನ್‌ಗಳನ್ನೂ ಅಲ್ಲಿ ತಿರುಗಿಸಿ ನೋಡಬಹುದು. 0.03 ಮಿಲಿಮೀಟರ್ ದಪ್ಪದ ಚಂದ್ರನ ಕಲ್ಲಿನ ಹಾಳೆಯೊಂದನ್ನು ಹಾವೇರಿಯ ವಿದ್ಯಾರ್ಥಿಯೊಬ್ಬಳು ತನ್ನ ಫೋನಿನಲ್ಲಿ ನೋಡುತ್ತಾಳೆ ಅನ್ನುವುದೇ ನನಗೆ ಬಹಳ ಖುಷಿ ಕೊಡುವ ಸಂಗತಿ.

ಹಂತ 5: ಹತ್ತಿರದ ಒಂದು ಬಂಡೆಯನ್ನು ಫೀಲ್ಡ್ ಟ್ರಿಪ್ ಮಾಡಿ

ಸಿದ್ಧ ವರ್ಚುವಲ್ ಟ್ರಿಪ್‌ಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನವು ಗ್ರ್ಯಾಂಡ್ ಕ್ಯಾನ್ಯನ್ ಥರದ ಜಾಗಗಳವು. ನಮ್ಮ ಮಕ್ಕಳಿಗೆ ನಮ್ಮ ಬಂಡೆಯೇ ಇರಲಿ. ಕರ್ನಾಟಕದಲ್ಲಿ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿವೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಕಡೆಯ ಪೆದ್ದಪಲ್ಲಿಯ ಅಗ್ನಿಶಿಲಾ ಚೂರುಗಳ ಶಿಲೆ.

ಲಾಲ್‌ಬಾಗನ್ನೇ ಉದಾಹರಣೆಗೆ ತಗೊಳ್ಳೋಣ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಪೆನಿನ್ಸುಲರ್ ನೈಸ್ ಎಂಬ ಹೆಸರು ಇಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ಬೆಳಗ್ಗೆ ಬೇಗ ಹೋಗಿ. ಜನ ಕಡಿಮೆ ಇರುತ್ತಾರೆ, ಓರೆ ಬಿಸಿಲಿನಲ್ಲಿ ಪದರಗಳು ಎದ್ದು ಕಾಣುತ್ತವೆ. ಅದು ಸ್ಮಾರಕ, ಸುತ್ತಿಗೆ ಚೀಲದಲ್ಲೇ ಇರಲಿ.

ಪ್ರತಿ ನಿಲ್ದಾಣದಲ್ಲೂ ಮೂರು ದೂರದಿಂದ ಫೋಟೊ ತೆಗೆಯಿರಿ. ಇಡೀ ಬಂಡೆ ಕಾಣುವಂತೆ ಒಂದು, ನಿಂತ ಎತ್ತರದಿಂದ ಒಂದು, ಮಂಡಿಯೂರಿ ಹತ್ತಿರದಿಂದ ಒಂದು. ಹತ್ತಿರದ ಫೋಟೊದಲ್ಲಿ ಅಳತೆಗೆ ಪೆನ್ನೋ ನಾಣ್ಯವೋ ಇರಲೇಬೇಕು. ಉತ್ತರ ಯಾವ ಕಡೆ ಎಂದು ಬಾಣ ಬರೆದ ಚೀಟಿಯನ್ನೂ ಇಡಿ. ಕಪ್ಪು, ಬಿಳಿ ಪಟ್ಟೆಗಳು ಚೆನ್ನಾಗಿ ಕಾಣುವ ಜಾಗ ಒಂದು ನಿಲ್ದಾಣ. ನೈಸ್‌ನೊಳಗೆ ಸಿಕ್ಕಿಕೊಂಡ ಇನ್ನೂ ಹಳೆಯ ಶಿಲೆಯ ತುಂಡು ಇನ್ನೊಂದು. ಪಟ್ಟೆಗಳನ್ನು ಅಡ್ಡವಾಗಿ ಕತ್ತರಿಸಿಕೊಂಡು ಹೋದ ಬಿಳಿ ಸಿರೆ ಮೂರನೆಯದು. ಈ ಮೂರಿದ್ದರೆ ಒಂದು ಇಡೀ ಕ್ಲಾಸು ಆಯಿತು. ಯಾವುದು ಮೊದಲು, ಯಾವುದು ಕೊನೆಗೆ ಎಂದು ಅವರೇ ವಾದ ಮಾಡಲಿ.

ಈ ಫೋಟೊಗಳನ್ನು ಗೂಗಲ್ ಅರ್ತ್‌ನ ವೆಬ್ ಆವೃತ್ತಿಯಲ್ಲಿ ಹೊಸ ಪ್ರಾಜೆಕ್ಟ್ ತೆರೆದು, ಸ್ಥಳ ಗುರುತಿಸಿ, ಸೇರಿಸಬಹುದು. ಲಿಂಕ್ ಕಳಿಸಿದರೆ ವಿದ್ಯಾರ್ಥಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುತ್ತಾ ನೋಡುತ್ತಾರೆ. ಅದಕ್ಕೂ ನೆಟ್ ಸಾಲದವರಿಗೆ ಇವೇ ಫೋಟೊಗಳನ್ನು ಒಂದು ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಜಿಯಾಲಾಜಿಕಲ್ ಸರ್ವೆಯ ಭೂಕೋಶ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ 1:50,000 ಪ್ರಮಾಣದ ಭೂವೈಜ್ಞಾನಿಕ ನಕ್ಷೆ ಸಿಗುತ್ತದೆ. ನೋಡಿದ ಬಂಡೆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ಎಂದು ಹುಡುಕಿಸಿ.

ಹಂತ 6: ಮನೆಯ ಕಲ್ಲನ್ನು ಪಾಠಕ್ಕೆ ತನ್ನಿ

ಕಲ್ಲು ಕೈಗೆ ಸಿಗಲ್ಲ ಅನ್ನುವ ಚಿಂತೆ ಅರ್ಧ ಕಡಿಮೆಯಾಗುವುದು ಇಲ್ಲಿ. ಅಡುಗೆಮನೆ ಕಟ್ಟೆಯ ಗ್ರಾನೈಟ್, ನೆಲದ ಶಹಾಬಾದ್ ಕಲ್ಲು ಅಥವಾ ಕಡಪ ಕಲ್ಲು, ಒರಳು, ರಸ್ತೆ ಬದಿಯ ಜಲ್ಲಿ. ಯಾವ ಊರಲ್ಲಿ ಇವಿಲ್ಲ? ಕಬ್ಬಿಣದ ಮೊಳೆಯಿಂದ ಗೀರಿಸಿ ಗಡಸುತನ ನೋಡಿಸಿ. ಒಡೆದು ಬಿದ್ದ ಶಹಾಬಾದ್ ಚೂರು ಸಿಕ್ಕರೆ ಸ್ವಲ್ಪ ಪುಡಿ ಮಾಡಿ ನಿಂಬೆರಸ ಹಾಕಿಸಿ. ಸುಣ್ಣಕಲ್ಲು ಆದ್ದರಿಂದ ಸಣ್ಣಗೆ ನೊರೆ ಬರುತ್ತದೆ. ಗ್ರಾನೈಟ್ ಪುಡಿಯಲ್ಲಿ ಬರುವುದಿಲ್ಲ. ಅಂಗಡಿಯಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಎಂದು ಮಾರುವ ಕಲ್ಲು ನಿಜಕ್ಕೂ ಗ್ರಾನೈಟ್ ಹೌದಾ ಎಂಬುದು ಒಳ್ಳೆಯ ಅಸೈನ್‌ಮೆಂಟ್. ಹೊಯ್ಸಳ ಗುಡಿ ಹತ್ತಿರವಿರುವವರು ಬಳಪದ ಕಲ್ಲಿನ ಬಗ್ಗೆ ಬರೆಯಲಿ. ಅಷ್ಟು ಸಣ್ಣ ಕುಸುರಿ ಆ ಕಲ್ಲಿನಲ್ಲಿ ಮಾತ್ರ ಹೇಗೆ ಸಾಧ್ಯವಾಯಿತು ಎಂದು ಕೇಳಿ.

ಹಂತ 7: ನಿಜವಾದ ದತ್ತಾಂಶ ಕೊಡಿ

ಆನ್‌ಲೈನ್ ಕ್ಲಾಸು ಮಾಮೂಲಿ ಕ್ಲಾಸಿಗಿಂತ ಮುಂದಿರುವ ಜಾಗ ಇದು. ಭೂಕಂಪದ ದಾಖಲೆಗಳು ಉಚಿತ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಯುಎಸ್‌ಜಿಎಸ್‌ನ ಪಟ್ಟಿಯಲ್ಲಿ 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪ ಹುಡುಕಿಸಿ. ಕಲಬುರಗಿ, ಬೀದರ್ ಕಡೆಯ ವಿದ್ಯಾರ್ಥಿಗಳು ಆ ದಿನದ ನೆನಪನ್ನು ಮನೆಯ ಹಿರಿಯರಿಂದ ಕೇಳಿ ಬರೆಯಬಹುದು. ಭೂಕಂಪ ತರಂಗದ ಚಿತ್ರ ಕೊಟ್ಟು ಮೊದಲು ಬರುವ ಪಿ ಮತ್ತು ಆಮೇಲೆ ಬರುವ ಎಸ್ ಅಲೆಗಳ ನಡುವಿನ ಸೆಕೆಂಡುಗಳನ್ನು ಅಳೆಸಿ. ಹತ್ತಿರದ ಭೂಕಂಪಕ್ಕೆ ಅದನ್ನು 8ರಿಂದ ಗುಣಿಸಿದರೆ ಅಂದಾಜು ದೂರ ಕಿಲೋಮೀಟರ್‌ನಲ್ಲಿ ಬರುತ್ತದೆ. ಮೂರು ಕೇಂದ್ರಗಳ ದೂರ ಸಿಕ್ಕರೆ ಕಂಪನದ ಕೇಂದ್ರ ನಕ್ಷೆಯಲ್ಲಿ ಗುರುತಿಸಬಹುದು. ಈ ಪಾಠದ ಸಿದ್ಧ ಸಾಮಗ್ರಿ ಅರ್ತ್‌ಸ್ಕೋಪ್ ಸಂಸ್ಥೆಯಲ್ಲಿದೆ. ಹಳೆಯ ಪುಟಗಳಲ್ಲಿ ಐರಿಸ್ ಎಂಬ ಹೆಸರು ಕಂಡರೆ ಗಾಬರಿ ಬೇಡ. ಐರಿಸ್ ಮತ್ತು ಯುನಾವ್ಕೊ 2023ರಲ್ಲಿ ಕೂಡಿ ಅರ್ತ್‌ಸ್ಕೋಪ್ ಆದವು.

ಹಂತ 8: ಬಡ್ತಿಯ ಲೆಕ್ಕ

ಸರ್ಟಿಫಿಕೇಟ್ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಬಡ್ತಿಗೆ ಅದು ಬೇಕು. ಯುಜಿಸಿಯ 2018ರ ನಿಯಮಗಳಲ್ಲಿ ರಿಫ್ರೆಶರ್ ಕೋರ್ಸ್‌ಗೆ ಜಾಗವಿದೆ. ಸ್ವಯಂ ಮೂಲಕ 2018ರಲ್ಲಿ ಶುರುವಾದ ‘ಅರ್ಪಿತ್’ ಕೋರ್ಸನ್ನು ಪರೀಕ್ಷೆಯ ಸಮೇತ ಮುಗಿಸಿದರೆ ಒಂದು ರಿಫ್ರೆಶರ್‌ಗೆ ಸಮ ಎಂದು ಪರಿಗಣಿಸಲಾಗಿತ್ತು. ಎನ್‌ಪಿಟೆಲ್‌ನ ಕೆಲವು ಕೋರ್ಸ್‌ಗಳು ಶಿಕ್ಷಕರಿಗೆ ಎಫ್‌ಡಿಪಿ (ಬೋಧಕರ ಅಭಿವೃದ್ಧಿ ಕಾರ್ಯಕ್ರಮ) ಎಂದು ಸಲ್ಲುತ್ತವೆ. ವಿದೇಶಿ ಕಾರ್ಯಾಗಾರಗಳ ಸರ್ಟಿಫಿಕೇಟ್ ಸಲ್ಲುತ್ತದೋ ಇಲ್ಲವೋ ಎಂದು ಹೆಸರು ಕೊಡುವ ಮೊದಲೇ ನಿಮ್ಮ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಕೋಶ) ಸಂಯೋಜಕರನ್ನು ಕೇಳಿ, ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಸರ್ಕ್‌ನಂಥ ಕಡೆ ಕಲಿಯುವುದು ಕ್ಲಾಸಿಗಾಗಿ, ರಿಫ್ರೆಶರ್ ಬಡ್ತಿಗಾಗಿ ಎಂದು ಬೇರೆ ಇಟ್ಟುಕೊಂಡರೆ ಮನಸ್ಸು ನಿರಾಳ.

ಹಂತ 9: ಒಬ್ಬರೇ ಮಾಡಬೇಡಿ

ಎಷ್ಟೋ ಕಾಲೇಜುಗಳಲ್ಲಿ ಭೂವಿಜ್ಞಾನಕ್ಕೆ ಒಬ್ಬರೋ ಇಬ್ಬರೋ ಶಿಕ್ಷಕರು. ಹಾಗಾಗಿ ಬೇರೆ ಕಾಲೇಜಿನ ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಇಬ್ಬರೂ ಒಂದೇ ತರಬೇತಿಗೆ ಸೇರಿ. ಒಬ್ಬರು ಲಾಲ್‌ಬಾಗ್ ಮಾಡಿದರೆ ಇನ್ನೊಬ್ಬರು ಮರಡಿಹಳ್ಳಿ ಮಾಡಲಿ, ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಇಂಥ ಜನರನ್ನು ಹುಡುಕಲು ಬೆಂಗಳೂರಿನಲ್ಲೇ ಇರುವ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಒಳ್ಳೆಯ ಜಾಗ. 1958ರಲ್ಲಿ ಹುಟ್ಟಿದ ಸಂಘ ಅದು. 2013ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್ ಮೈಸೂರಿನಲ್ಲಿ ನಡೆದಾಗ ಅದರ ಹೊಣೆ ಹೊತ್ತದ್ದೂ ಇದೇ ಸಂಘ. ಶಾಲಾ ಶಿಕ್ಷಕರು ಈ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಗಳನ್ನು ನೋಡಬೇಕು. ಫೋಟೊ, ನಕ್ಷೆ, ದತ್ತಾಂಶ ಕೊಟ್ಟು ಯೋಚಿಸಲು ಹಚ್ಚುವ ಪ್ರಶ್ನೆಗಳವು. ಆನ್‌ಲೈನ್ ಪರೀಕ್ಷೆಗೆ ಬೇಕಾದ್ದು ಇಂಥವೇ. ಬಾಯಿಪಾಠದ ಪ್ರಶ್ನೆ ಕೊಟ್ಟರೆ ಉತ್ತರ ಪಕ್ಕದ ಟ್ಯಾಬ್‌ನಲ್ಲೇ ಇರುತ್ತದೆ.

ಮೊದಲ ಘಟಕ ಕಲಿಸಿ ಮುಗಿದ ಕೂಡಲೇ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕಳಿಸಿ, ಹೆಸರು ಬರೆಯದೆ ಉತ್ತರಿಸಲು ಹೇಳಿ. ಎಲ್ಲಿ ನಿಮಗೆ ಕಾಣಬೇಕಾದ್ದು ಕಾಣಲಿಲ್ಲ? ಎಲ್ಲಿ ನೆಟ್ ಕೈಕೊಟ್ಟಿತು? ಬಂದ ಉತ್ತರಗಳನ್ನು ನಿಮ್ಮ ಜೊತೆಗಾರರ ಮುಂದೆ ಇಡಿ. ಮುಂದಿನ ತರಬೇತಿ ಯಾವುದಿರಬೇಕು ಎಂಬುದನ್ನು ಆ ಉತ್ತರಗಳನ್ನು ನೋಡಿಯೇ ತೀರ್ಮಾನಿಸಿ.